ಹುಳುಮನೆಯ ಬಾಗಿಲಲ್ಲಿ ಹೇಳಬಾರದ ಮಾತು

ನಮ್ಮ ಮನೆಯಲ್ಲಿ ಏನನ್ನಾದರೂ ಕೇಳಬೇಕಾದರೆ ಮೊದಲು ಎಲ್ಲಿ ನಿಂತಿದ್ದೇನೆ ಎಂದು ನೋಡಿಕೊಳ್ಳಬೇಕಿತ್ತು. ಅಡುಗೆಮನೆಯಲ್ಲಾದರೆ ಅಮ್ಮನ ಸೆರಗು ಹಿಡಿದು ಎಳೆಯಬಹುದು, ಬೆಲ್ಲ ಕೊಡು ಎಂದು ನೂರು ಸಲ ಅನ್ನಬಹುದು, ನೆಲದ ಮೇಲೆ ಬಿದ್ದು ಹೊರಳಾಡಲೂಬಹುದು. ಹೆಚ್ಚೆಂದರೆ ಸೌಟಿನ ಹಿಡಿಯಿಂದ ಒಂದು ಏಟು ಬೀಳುತ್ತಿತ್ತು. ಪಡಸಾಲೆಯಲ್ಲಿ ಅಪ್ಪ ಕೂತಿದ್ದರೆ ಆ ಆಟ ನಡೆಯುತ್ತಿರಲಿಲ್ಲ. ಅಲ್ಲಿ ನಾನು ತಮ್ಮ ಗೋಪಿಯನ್ನು ಮುಂದೆ ನಿಲ್ಲಿಸಿಕೊಂಡು, ಗೋಪಿಗೆ ಬನ್ನು ಬೇಕಂತೆ ಎನ್ನುತ್ತಿದ್ದೆ. ಗೋಪಿಗೆ ಆಗಿನ್ನೂ ನೆಟ್ಟಗೆ ಮಾತೇ ಬರುತ್ತಿರಲಿಲ್ಲ. ಅಪ್ಪನಿಗೆ ಅದು ಗೊತ್ತಿದ್ದೂ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರ್ಕೆಟ್ಟಿನಿಂದ ಬರುವಾಗ ಒಂದರ ಬದಲು ಎರಡು ಬನ್ನು ತರುತ್ತಿದ್ದರು. ಹಿತ್ತಲಲ್ಲಿ ಕೋಳಿಗಳಿಗೆ, ಗೋಪಿಗೆ, ಮುರಿದ ಕೈಯ ಮರದ ಗೊಂಬೆಗೆ ನಾನು ಹೇಳಿದ್ದೇ ಕಾನೂನು. ಕೂತ್ಕೋ, ಏಳು, ತಾ, ಬಾಯಿ ಮುಚ್ಚು. ಅಜ್ಜಿ ನನ್ನನ್ನು ‘ನಮ್ಮನೆ ಅಮಲ್ದಾರು’ ಎಂದು ಕರೆಯುತ್ತಿದ್ದಳು. ಆದರೆ ಹಿತ್ತಲ ಆಚೆ ತುದಿಯಲ್ಲಿ ಹುಳುಮನೆ ಇತ್ತು. ಅದರ ಬಾಗಿಲಿಗೆ ಹೋಗಿ ನಿಂತರೆ ಈ ಅಮಲ್ದಾರಿನ ನಾಲಿಗೆ ಒಣಗಿ ಹೋಗುತ್ತಿತ್ತು.

ಹುಳುಮನೆ ಎಂದರೆ ಹೆಂಚು ಹೊದಿಸಿದ ಒಂದು ಉದ್ದನೆಯ ಕೋಣೆ. ಕಿಟಕಿಗಳಿಗೆ ಒದ್ದೆ ಗೋಣಿತಾಟು, ಬಾಗಿಲಿಗೂ ಒದ್ದೆ ಗೋಣಿತಾಟು. ಒಳಗೆ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಅಟ್ಟಣೆ ಕಟ್ಟಿ ಇಟ್ಟಿದ್ದರು. ಇರುವೆ ಹತ್ತಬಾರದೆಂದು ಅಟ್ಟಣೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದ್ದರು. ತಟ್ಟೆ ತುಂಬ ರೇಷ್ಮೆ ಹುಳು, ಹುಳುವಿನ ಮೇಲೆ ಹಿಪ್ಪುನೇರಳೆ ಸೊಪ್ಪು. ಸ್ನಾನ ಮಾಡದವರು ಒಳಗೆ ಹೋಗುವಂತಿಲ್ಲ, ಒಗ್ಗರಣೆಯ ವಾಸನೆ ಹೋಗುವಂತಿಲ್ಲ, ಹೊರಗಿನವರ ಕಣ್ಣು ಬೀಳುವಂತಿಲ್ಲ. ಇವೆಲ್ಲ ಹುಳು ಸಾಕುವ ಎಲ್ಲರ ಮನೆಯಲ್ಲೂ ಇದ್ದವು. ನಮ್ಮ ಮನೆಯಲ್ಲಿ ಇನ್ನೊಂದಿತ್ತು. ಅದನ್ನು ಅಜ್ಜಿ ಚಿಂತಾಮಣಿ ಕಡೆಯ ತನ್ನ ತವರಿನಿಂದ ತಂದಿದ್ದಳಂತೆ. ಹುಳುಮನೆಯ ಒಳಗಿರುವವರನ್ನು ಹೊರಗೆ ನಿಂತು ‘ಬಾ’ ಎಂದು ಕರೆಯಬಾರದು. ಅಜ್ಜಿಗೆ ತೆಲುಗೂ ಬರುತ್ತಿದ್ದುದರಿಂದ ‘ರಾ’ ಎನ್ನುವುದನ್ನೂ ಅವಳು ಮೊದಲೇ ಸೇರಿಸಿ ಬಾಗಿಲು ಹಾಕಿಬಿಟ್ಟಿದ್ದಳು. ಯಾಕೆಂದು ನಾನು ಒಂದು ಸಲ ಕೇಳಿದ್ದೆ. ಅವಳು ನನ್ನ ಗಲ್ಲ ಹಿಡಿದು ಎತ್ತಿ, ಬಹಳ ಮೆತ್ತಗೆ ಹೇಳಿದಳು:

"ನೀನು ಬಾ ಅಂದ್ರೆ ಯಾರನ್ನ ಕರೆದೆ ಅಂತ ಬೆಳೆಗೆ ಏನು ಗೊತ್ತಮ್ಮ? ನನ್ನನ್ನೇ ಕರೆದ್ರು ಅಂತ ಅದೂ ಎದ್ದು ಹೊರಟ್ಬಿಡುತ್ತೆ. ಹೋದ ಬೆಳೆ ತಿರುಗಿ ಬರಲ್ಲ."

ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಮೆತ್ತಗೆ ಹೇಳಿದ್ದರಿಂದ ಅದು ಹೊಟ್ಟೆಯೊಳಗೆ ಇಳಿದು ಕೂತಿತು. ಹಾಗಾದರೆ ಒಳಗಿದ್ದವರನ್ನು ಕರೆಯುವುದು ಹೇಗೆ? ಬಾಗಿಲ ಬಳಿ ಹೋಗಿ ಸುದ್ದಿ ಹೇಳುವುದು. ಹಾಲಿನವರು ನಿಂತಿದಾರೆ. ಬೇಳೆ ಉಕ್ತಾ ಇದೆ. ಅಪ್ಪ ಕೂಡ ಹೊಟ್ಟೆ ಹಸಿದು ಬಂದವರು ಗೋಣಿತಾಟಿನ ಮುಂದೆ ನಿಂತು, ಗೋಡೆಗೆ ಹೇಳುವವರಂತೆ, ಮಧ್ಯಾಹ್ನ ಆಯ್ತು ಎನ್ನುತ್ತಿದ್ದರು. ಪಕ್ಕದ ಮನೆಯ ಜಮೀಲಮ್ಮ ನೂಲು ತೆಗೆಯುವವರ ಮನೆಯವಳು. ಅವಳಿಗೆ ಇದೆಲ್ಲ ನಗು. ಆದರೂ ಮಜ್ಜಿಗೆಗೆ ಬಂದಾಗ ಹಿತ್ತಲಲ್ಲೇ ನಿಂತು, ನಮ್ಮನೇಲಿ ಮಜ್ಜಿಗೆ ಮುಗಿದೋಯ್ತು ಎಂದು ಸುದ್ದಿ ಹೇಳಿ ಕಾಯುತ್ತಿದ್ದಳು. ಒಳಗಿನವರು ಹ್ಞೂ ಎಂದು, ಕೈಯಲ್ಲಿರುವ ಕೆಲಸ ಮುಗಿಸಿಕೊಂಡು ತಮಗೆ ತಾವೇ ಹೊರಗೆ ಬರುತ್ತಿದ್ದರು. ಕರೆಯದೇ ಬಂದವರಿಂದ ಬೆಳೆಗೆ ಕೇಡಿಲ್ಲ. ಸೊಪ್ಪು ಹಾಕುವುದನ್ನು ಅರ್ಧಕ್ಕೆ ಬಿಟ್ಟು ಬರುವ ಪದ್ಧತಿ ಮಾತ್ರ ಇರಲಿಲ್ಲ. ಬೇಳೆ ಉಕ್ಕಿದರೆ ಉಕ್ಕಲಿ.

ನಾನು ಈಗ ಕೈವಾರದ ಹತ್ತಿರ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತೇನೆ. ಮಕ್ಕಳು ಕೇಳುವ ರೀತಿ ನೋಡುತ್ತಾ ನನ್ನ ತಲೆ ನರೆತಿದೆ. ಒಬ್ಬ ಬಂದು ‘ಟೀಚರ್, ನೀರು’ ಎಂದು ಅಷ್ಟಕ್ಕೇ ನಿಲ್ಲಿಸುತ್ತಾನೆ, ಮಿಕ್ಕಿದ್ದು ನನ್ನ ಜವಾಬ್ದಾರಿ ಎನ್ನುವ ಹಾಗೆ. ಒಬ್ಬಳು ಮೊಟ್ಟೆ ಬೇಕೆಂದು ಹೇಳದೆ, ನಿನ್ನೆ ಮೊಟ್ಟೆ ದೊಡ್ಡದಿತ್ತು ಅಲ್ವಾ ಟೀಚರ್ ಎಂದು ಕಥೆ ತೆಗೆಯುತ್ತಾಳೆ. ತನಗಿಂತ ಚಿಕ್ಕವರಿಗೆ ಇವರೇ ಪೊಲೀಸರು. ಯಾರೂ ಕಲಿಸದೆ ಇದನ್ನೆಲ್ಲ ಎಲ್ಲಿಂದ ಕಲಿತು ಬರುತ್ತಾರೋ ಎಂದು ನಗು ಬರುತ್ತದೆ. ಆದರೆ ಒಂದೊಂದು ವರ್ಷ ಏನನ್ನೂ ಕೇಳದ ಮಗುವೊಂದು ಬಂದು ಮೂಲೆಯಲ್ಲಿ ಕೂರುತ್ತದೆ. ಊರವರು ಎಷ್ಟು ಒಳ್ಳೇ ಮಗು, ಒಂದು ಹಟ ಇಲ್ಲ ಎನ್ನುತ್ತಾರೆ. ನನಗೆ ಅಂಥ ಮಗುವನ್ನು ಕಂಡರೆ ಕೈಕಾಲು ತಣ್ಣಗಾಗುತ್ತದೆ.

ನಾನು ಚಿಕ್ಕವಳಿದ್ದಾಗಿನ ಒಂದು ಬೆಳೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ಬಿಟ್ಟು ಸುಮ್ಮನೆ ತಲೆ ಎತ್ತಿಕೊಂಡು ಕೂರುತ್ತವಲ್ಲ, ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂತವು ಎನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ಅವುಗಳ ಹಸಿವಿಗೆ ಲಂಗುಲಗಾಮಿಲ್ಲ. ಅಪ್ಪ ತೋಟದಿಂದ ಸೊಪ್ಪಿನ ಹೊರೆ ತಂದು ಹಾಕಿ ಮತ್ತೆ ತೋಟಕ್ಕೆ ಓಡುತ್ತಿದ್ದರು. ಅಮ್ಮ, ಅಜ್ಜಿ ಒಳಗೆ ಹೋದರೆಂದರೆ ನಮಗೆ ಕಾಣಿಸುತ್ತಲೇ ಇರಲಿಲ್ಲ. ತಮ್ಮನನ್ನು ನೋಡಿಕೊಳ್ಳುವ ಕೆಲಸ ನನಗೆ. ನನಗಾದರೂ ಎಷ್ಟು ವಯಸ್ಸು, ಶಾಲೆಗೆ ಸೇರಿಸುವ ಮಾತು ಇನ್ನೂ ಬಂದಿರಲಿಲ್ಲ.

ಗೋಣಿತಾಟು ನೆನೆಸಲು ಹಿತ್ತಲಲ್ಲಿ ಒಂದು ಕಲ್ಲಿನ ತೊಟ್ಟಿ ಇತ್ತು, ನನ್ನ ಎತ್ತರದ್ದು. ಪಕ್ಕದಲ್ಲೇ ಬಟ್ಟೆ ಒಗೆಯುವ ಕಲ್ಲು. ಒಂದು ದಿನ ತೊಟ್ಟಿಯ ನೀರಿನಲ್ಲಿ ಒಂದು ತಗಡಿನ ಚೊಂಬು ತೇಲುತ್ತಿತ್ತು. ಗೋಪಿ ಅದನ್ನು ಕಂಡ. ನಾನು ಬೇಡ ಕಣೋ, ಹತ್ತಬೇಡ್ವೋ ಎಂದು ನನ್ನ ಕಾನೂನನ್ನೆಲ್ಲ ಹೇಳಿದೆ. ಅವನು ನಗುತ್ತಾ ಒಗೆಯುವ ಕಲ್ಲು ಹತ್ತಿದ. ನಾನು ಓಡಿ ಹುಳುಮನೆಯ ಬಾಗಿಲಿಗೆ ಹೋದೆ. ಬಾಯಿ ತೆರೆದರೆ ಆ ಮಾತೇ ಮೊದಲು ಬಂತು, ತುಟಿ ಕಚ್ಚಿ ಒಳಗೆ ತಳ್ಳಿದೆ. ಪದ್ಧತಿಯ ಪ್ರಕಾರ ಸುದ್ದಿ ಹೇಳಿದೆ.

"ಅಮ್ಮ, ಗೋಪಿ ತೊಟ್ಟಿ ಹತ್ರ ಇದಾನೆ."

ಅಮ್ಮ ಒಳಗಿನಿಂದ ಹ್ಞೂ ಎಂದಳು. ಮಕ್ಕಳು ತೊಟ್ಟಿಯ ಹತ್ತಿರವೇ ದಿನಾ ಆಡುವವರು, ಅದರಲ್ಲಿ ಸುದ್ದಿ ಏನಿದೆ? ತಿರುಗಿ ನೋಡಿದರೆ ಅವನು ಕಲ್ಲಿನಿಂದ ತೊಟ್ಟಿಯ ಅಂಚಿಗೆ ಕೈ ಹಾಕಿದ್ದ. ಗೋಪಿ ತೊಟ್ಟಿ ಹತ್ತುತಾ ಇದಾನೆ ಎಂದು ಇನ್ನೊಂದು ಸಲ ಹೇಳಿದೆ. ಈ ಸಲ ಅಜ್ಜಿಯ ದನಿ ಬಂತು. ಇದೊಂದು ಸಾಲು ಸೊಪ್ಪು ಹಾಕಿ ಬರ್ತೀವಿ, ಅವನನ್ನ ಹಿಡ್ಕೋ ಎಂದಳು. ನನ್ನ ದನಿಯಲ್ಲಿ ಏನಾದರೂ ಇತ್ತೋ ಇಲ್ಲವೋ ಕಾಣೆ. ಆ ಬಾಗಿಲಲ್ಲಿ ಎಲ್ಲರೂ ಎಲ್ಲವನ್ನೂ ಒಂದೇ ಸಮನೆ ಮೆತ್ತಗೆ ಹೇಳುವವರು. ಬೇಳೆ ಉಕ್ಕಿದರೂ ಅದೇ ದನಿ, ನೆಂಟರು ಬಂದರೂ ಅದೇ ದನಿ. ನಾನೂ ಹಾಗೇ ಕಲಿತಿದ್ದೆ, ಚೆನ್ನಾಗಿಯೇ ಕಲಿತಿದ್ದೆ.

ಓಡಿ ಬಂದು ಕಲ್ಲು ಹತ್ತಿ ಅವನ ಉಡಿದಾರಕ್ಕೆ ಬೆರಳು ಸಿಕ್ಕಿಸುವುದಕ್ಕೂ ಅವನು ಚೊಂಬಿಗೆ ಬಗ್ಗುವುದಕ್ಕೂ ಸರಿಹೋಯಿತು. ತಲೆ ನೀರಿನೊಳಗೆ, ಕಾಲು ಮೇಲೆ. ಅಮ್ಮ ಹೋದ ಹಬ್ಬಕ್ಕೆ ಕಟ್ಟಿದ್ದ ಕಪ್ಪು ದಾರ ನನ್ನ ಬೆರಳನ್ನು ಕೊಯ್ಯುತ್ತಿತ್ತು. ಎತ್ತಲು ಶಕ್ತಿಯಿಲ್ಲ, ಬಿಡುವ ಹಾಗಿಲ್ಲ. ಅವನ ಪುಟ್ಟ ಪಾದಗಳು ನನ್ನ ಮುಖಕ್ಕೆ ಒದೆಯುತ್ತಿದ್ದವು. ಆಮೇಲೆ ಒದೆಯುವುದು ನಿಧಾನವಾಯಿತು. ಆಗ ನಾನು ಕೂಗಿದೆ.

"ಅಮ್ಮ ಬಾ. ಬಾ ಅಮ್ಮ. ಬಾ. ಬಾ."

ಒಳಗೆ ತಟ್ಟೆ ಬಿದ್ದ ಸದ್ದಾಯಿತು. ಗೋಣಿತಾಟನ್ನು ಕಿತ್ತುಕೊಂಡೇ ಅಮ್ಮ ಬಂದಳು. ಗೋಪಿಯನ್ನು ಎಳೆದು ತಲೆಕೆಳಗೆ ಮಾಡಿ ಬೆನ್ನಿಗೆ ಬಡಿದಳು, ಬಡಿಯುತ್ತಲೇ ಇದ್ದಳು. ಅವನು ನೀರು ಕಾರಿ ಅಳಲು ಶುರು ಮಾಡಿದ. ಅಷ್ಟು ಚಂದದ ಅಳುವನ್ನು ನಾನು ಇನ್ನೊಮ್ಮೆ ಕೇಳಿಲ್ಲ. ಅಮ್ಮ ಅವನನ್ನು ಎದೆಗೆ ಅವಚಿಕೊಂಡು ಕಲ್ಲಿನ ಮೇಲೆ ಕುಸಿದಳು. ಆಗ ಅಜ್ಜಿ ಬಾಗಿಲಿಗೆ ಬಂದಳು. ಮೊಮ್ಮಗ ಅಳುವುದನ್ನು ನೋಡಿ ಎರಡೂ ಕೈ ಮುಗಿದಳು. ಆಮೇಲೆ ಹಿಂದಕ್ಕೆ ತಿರುಗಿ ನೆಲದ ಮೇಲೆ ಚೆಲ್ಲಿದ್ದ ಹುಳುಗಳನ್ನು ನೋಡಿದಳು. ಮಂಡಿಯೂರಿ ಒಂದೊಂದನ್ನೇ ಹೆಕ್ಕುತ್ತಾ ತೆಲುಗಿನಲ್ಲಿ ಏನೋ ಗೊಣಗುತ್ತಿದ್ದಳು, ಹುಳುಗಳನ್ನು ಸಮಾಧಾನ ಮಾಡುವವಳಂತೆ. ನನಗೆ ಯಾರೂ ಒಂದು ಮಾತೂ ಬೈಯಲಿಲ್ಲ. ಸಂಜೆ ಅಜ್ಜಿ ಹುಳುಮನೆಯ ಹೊಸ್ತಿಲಿಗೆ ಅರಿಸಿನ ಬಳಿದು, ಬೇವಿನ ಸೊಪ್ಪು ಸಿಕ್ಕಿಸಿದಳು. ಅದು ನಾನು ಕರೆದದ್ದಕ್ಕೆ ಎಂದು ಯಾರೂ ಹೇಳದೆಯೂ ನನಗೆ ಗೊತ್ತಾಯಿತು.

ಕೆಲವು ದಿನಗಳಲ್ಲಿ ಹುಳುಗಳಿಗೆ ಹಾಲುತೊಂಡೆ ಬಂತು. ಮೈ ಊದಿಕೊಂಡು, ಚರ್ಮ ಬಿಗಿದು, ಮುಟ್ಟಿದರೆ ಒಡೆದು ಹಾಲಿನಂಥ ನೀರು ಸುರಿಯುವ ರೋಗ ಅದು. ತಟ್ಟೆಯ ಅಂಚಿನಲ್ಲೆಲ್ಲ ಹುಳುಗಳು ನೆಲೆಯಿಲ್ಲದೆ ಸುತ್ತಾಡಿ ಕೆಳಗೆ ಬೀಳುತ್ತಿದ್ದವು. ನಾನು ಗೋಣಿತಾಟಿನ ಸಂದಿಯಿಂದ ನೋಡಿದೆ. ಅವು ಬಾಗಿಲ ಕಡೆಗೇ ಹೊರಟಿವೆ ಎನ್ನಿಸಿತು. ನಾನು ಕರೆದಿದ್ದೆನಲ್ಲ, ಬರುತ್ತಿದ್ದವು. ಅಪ್ಪ ಅಮ್ಮ ಸೇರಿ ಕಾಯಿಲೆ ಹುಳುಗಳನ್ನು ಹೆಕ್ಕಿ ಸುಣ್ಣದ ನೀರಿಗೆ ಹಾಕುತ್ತಿದ್ದರು. ತಟ್ಟೆ ತಟ್ಟೆಯೇ ಖಾಲಿಯಾಯಿತು. ಪಡಸಾಲೆಯಲ್ಲಿ ಅಪ್ಪ, ಮಳೆಯಲ್ಲಿ ನೆಂದ ಸೊಪ್ಪು ಹಾಕಿದ್ದಕ್ಕೆ ಹೀಗಾಯ್ತು ಎಂದರು. ಅದಕ್ಕೆ ಅಜ್ಜಿ ಹೇಳಿದ್ದು ಗೋಡೆಯಾಚೆಗಿದ್ದ ನನಗೆ ಕೇಳಿಸಿತು.

"ನೆಂದ ಸೊಪ್ಪು ನಾನೇನು ಇವತ್ತೇ ಮೊದಲು ಹಾಕ್ತಿದೀನಾ? ಕರೆದ್ಬಿಟ್ಟಿತು ಮಗು. ಪಾಪ, ಅದು ತಾನೆ ಏನು ಮಾಡೀತು."

ಆ ‘ಪಾಪ’ ನನಗೆ ಕೇಳಿಸಲೇ ಇಲ್ಲ. ಕೇಳಿಸಿದ್ದು ‘ಕರೆದ್ಬಿಟ್ಟಿತು’ ಮಾತ್ರ.

ಅಂದಿನಿಂದ ನಾನು ಬಾಯಿಗೆ ಬೀಗ ಹಾಕಿದೆ. ಹಟ ಮಾಡಿ ಅಲ್ಲ, ಭಯದಿಂದ. ನನ್ನ ಬಾಯಿಂದ ಹೊರಟ ಮಾತು ಹೋಗಿ ಕೆಲಸ ಮಾಡಿಬಿಡುತ್ತದೆ ಎನ್ನುವುದು ನನಗೆ ಖಾತ್ರಿಯಾಗಿತ್ತು. ‘ಬಾ’ ಎಂದರೆ ಬೆಳೆ ಹೋಗುತ್ತದೆ ಎಂದಾದರೆ ‘ಕೊಡು’ ಎಂದರೆ ಏನು ಹೋಗುತ್ತದೋ? ‘ಬಿಡು’ ಎಂದರೆ ಗೋಪಿಯ ಉಡಿದಾರವನ್ನೇ ಬಿಟ್ಟ ಹಾಗಾದರೆ? ಊಟಕ್ಕೆ ಕೂತರೆ ಸಾರಿಗೆ ಉಪ್ಪು ಕಡಿಮೆಯಿದ್ದರೂ ನುಂಗಿ ಏಳುತ್ತಿದ್ದೆ. ಬಾಯಾರಿದರೆ ಹೂಜಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ, ಯಾರಾದರೂ ನೋಡಿ ಬಗ್ಗಿಸಿಕೊಟ್ಟರೆ ಕುಡಿಯುತ್ತಿದ್ದೆ. ಗೋಪಿ ತೊಟ್ಟಿಯ ಕಡೆ ಹೊರಟರೆ ಅವನ ಮುಂದೆ ಮಲಗಿಬಿಡುತ್ತಿದ್ದೆ, ಮಾತಿನಲ್ಲಿ ತಡೆಯುತ್ತಿರಲಿಲ್ಲ. ಕೋಳಿಗಳು ಅಮಲ್ದಾರಿಲ್ಲದ ಊರಿನಂತೆ ಎಲ್ಲೆಂದರಲ್ಲಿ ಓಡಾಡಿಕೊಂಡಿದ್ದವು. ಮನೆಯವರು ಬೆಳೆಯ ಚಿಂತೆಯಲ್ಲಿದ್ದರು. ಹುಡುಗಿಗೆ ಬುದ್ಧಿ ಬಂತು ಎಂದು ಅಪ್ಪ ಹೇಳಿದ್ದೂ ನೆನಪಿದೆ.

ಒಂದು ಮಧ್ಯಾಹ್ನ ನನಗೆ ಒಂದಕ್ಕೆ ಹೋಗಬೇಕಿತ್ತು. ಚಡ್ಡಿಯ ಲಾಡಿ ಕಗ್ಗಂಟಾಗಿತ್ತು, ನನ್ನ ಬೆರಳಿಗೆ ಬಿಚ್ಚಲು ಬರುತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ‘ಲಾಡಿ ಬಿಚ್ಚು’ ಎಂದು ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದೆ. ಅಜ್ಜಿ ಜಗುಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದಳು. ನಾನು ಅವಳ ಮುಂದೆ ಹೋಗಿ ನಿಂತೆ. ಕಾಲು ಹೊಸೆದುಕೊಂಡು ನಿಂತೆ. ಅವಳು ಏನಮ್ಮ ಎಂದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ನೋಡುತ್ತಿದ್ದಂತೆಯೇ ಲಂಗ ಒದ್ದೆಯಾಗಿ ಜಗುಲಿಯ ಮೇಲೆಲ್ಲ ಹರಿಯಿತು. ಅಜ್ಜಿ ಕೈ ಎತ್ತಿದಳು. ಹೊಡೆಯಲು ಎತ್ತಿದ ಕೈ ಅಲ್ಲೇ ನಿಂತಿತು. ಬಾಯಿ ಬಿಟ್ಟು ಕೇಳಬಾರದೇನೇ ಎಂದಳು. ನಾನು ಇಲ್ಲ ಎಂದು ತಲೆಯಾಡಿಸಿದೆ. ಯಾಕೆ ಎಂದಳು. ನಾನು ಹುಳುಮನೆಯ ಕಡೆಗೆ ನೋಡಿದೆ.

ಅವಳು ಒದ್ದೆ ಬಟ್ಟೆ ಬಿಚ್ಚಿ, ನನ್ನನ್ನು ತೊಳೆದು, ಲಂಗ ಹಿಂಡಿ ಹಗ್ಗಕ್ಕೆ ಹಾಕಿ, ಬೇರೆ ಬಟ್ಟೆ ತೊಡಿಸಿದಳು. ಬಾಯಿಗೆ ಹಾಕಿಕೊಳ್ಳಬೇಕಾದ ಎಲೆ ಜಗುಲಿಯ ಮೇಲೆ ಒಣಗುತ್ತಿತ್ತು.

ಮಾರನೆಯ ದಿನ ಉಳಿದ ಹುಳುಗಳು ಹಣ್ಣಾಗತೊಡಗಿದವು. ಹಣ್ಣಾದ ಹುಳುವಿನ ಮೈ ಹಳದಿ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ. ಆಗ ಅವನ್ನು ಬಿದಿರಿನ ಚಂದ್ರಿಕೆಗೆ ಬಿಡಬೇಕು, ಅಲ್ಲಿ ಗೂಡು ಕಟ್ಟುತ್ತವೆ. ಉಳಿದಿದ್ದು ಕೆಲವೇ ತಟ್ಟೆ. ವರ್ಷದ ಬಟ್ಟೆಬರೆ, ಗೋಪಿಯ ಮುಡಿ ಕೊಡುವುದು, ಎಲ್ಲ ಅವುಗಳ ಮೇಲೇ ನಿಂತಿತ್ತು. ಇಡೀ ಬೆಳೆಯಲ್ಲಿ ಮಾತಿಗೆ ಹೆದರಬೇಕಾದ ಹೊತ್ತು ಯಾವುದೆಂದರೆ ಅದೇ. ಅಂಥ ಹೊತ್ತಿನಲ್ಲಿ ಅಜ್ಜಿ ಸ್ನಾನ ಮಾಡಿ ಬಂದು ನನ್ನ ಕೈ ಹಿಡಿದು ಹುಳುಮನೆಯ ಬಾಗಿಲಿಗೆ ಕರೆದುಕೊಂಡು ಹೋದಳು. ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿ ತಾನು ಒಳಗೆ ಹೋಗಿ ಗೋಣಿತಾಟು ಇಳಿಬಿಟ್ಟಳು. ಒಳಗಿನಿಂದ ಅವಳ ದನಿ ಬಂತು.

"ಈಗ ನನ್ನ ಕರಿ."

ಚಂದ್ರಿಕೆ ಹೊತ್ತು ಬರುತ್ತಿದ್ದ ಅಮ್ಮ ಅಲ್ಲೇ ನಿಂತುಬಿಟ್ಟಳು. ಬೇಡ ಅತ್ತೆ, ಉಳಿದಿರೋದೇ ಇಷ್ಟು ಎಂದಳು. ಅಜ್ಜಿ, ಊರುಕೋ ಲಕ್ಷ್ಮಿ, ಎಂದಳು. ಅವಳಿಗೆ ಕೋಪ ಬಂದರೆ, ಭಯವಾದರೆ ತೆಲುಗು ಬರುತ್ತಿತ್ತು. ಊರುಕೋ ಎಂದರೆ ಸುಮ್ಮನಿರು ಎಂದು.

ಗೋಣಿತಾಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆಚೆ ಹುಳುಗಳು, ಅವುಗಳ ನಡುವೆ ಅಜ್ಜಿ. ಒಂದೇ ಮಾತಿಗೆ ಎಲ್ಲ ಎದ್ದು ಬಂದುಬಿಡುತ್ತವೆ. ಕೊನೆಗೆ ನನಗೆ ಗೊತ್ತಿದ್ದ ದಾರಿಯನ್ನೇ ಹಿಡಿದೆ.

"ಅಜ್ಜಿ, ಕಾಫಿ ಆರೋಗ್ತಾ ಇದೆ."

"ಆರ್ಲಿ."

"ಕೋಳಿ ಅಡುಗೆಮನೆಗೆ ನುಗ್ಗಿದೆ."

"ನುಗ್ಲಿ."

"ಎಲೆ ಅಡಿಕೆ ಇಲ್ಲೇ ಇದೆ ಅಜ್ಜಿ."

"ಇರ್ಲಿ ಕಣಮ್ಮ. ನೀನು ಕರೆದ್ರೆ ಬರ್ತೀನಿ. ಇಲ್ದಿದ್ರೆ ಇಲ್ಲೇ ಕೂತಿರ್ತೀನಿ. ಊಟ ಬೇಡ, ನೀರು ಬೇಡ."

ಅಜ್ಜಿ ಹೇಳಿದರೆ ಮಾಡುವವಳು. ಅವಳು ಅಲ್ಲೇ ಕೂತು, ಹುಳುಗಳ ಹಾಗೆ ತಿನ್ನುವುದು ಬಿಟ್ಟು, ಹಳದಿಯಾಗಿ, ಸತ್ತುಹೋಗುತ್ತಾಳೆ ಎಂದುಕೊಂಡೆ. ಹಿಂದೆ ಅಮ್ಮನ ಉಸಿರು ಕೇಳಿಸುತ್ತಿತ್ತು. ನನಗೆ ಅಳು ಬಂತು. ಕರೆದರೂ ಹೋಗುತ್ತದೆ, ಕರೆಯದಿದ್ದರೂ ಹೋಗುತ್ತದೆ. ಕಣ್ಣು ಮುಚ್ಚಿಕೊಂಡೆ.

"ಬಾ ಅಜ್ಜಿ."

ಬಹಳ ಹೊತ್ತು ಏನೂ ಆಗಲಿಲ್ಲ ಎನ್ನಿಸಿತು. ಆಮೇಲೆ ಮಂಡಿ ಲಟಕ್ಕೆಂದ ಸದ್ದು, ಬಳೆಯ ಸದ್ದು. ಗೋಣಿತಾಟು ಸರಿದು ಅಜ್ಜಿ ಹೊರಗೆ ಬಂದಳು. ನಾನು ಅವಳ ಕಾಲಿನ ಪಕ್ಕದಿಂದ ಬಗ್ಗಿ ಒಳಗೆ ನೋಡಿದೆ. ಹುಳುಗಳು ತಟ್ಟೆಯಲ್ಲೇ ಇದ್ದವು. ಒಂದೂ ತಲೆ ಎತ್ತಿರಲಿಲ್ಲ.

"ನೋಡು, ಬಂದೆ. ನಾನೊಬ್ಬಳೇ ಬಂದೆ," ಎಂದಳು ಅಜ್ಜಿ.

ಅವಳು ಆ ಪದ್ಧತಿಯನ್ನು ನಂಬುವುದು ಬಿಟ್ಟಿದ್ದಳೆಂದು ನಾನು ಎಷ್ಟೋ ವರ್ಷ ತಿಳಿದಿದ್ದೆ. ಹಾಗೇನೂ ಇಲ್ಲ. ಮುಂದಿನ ಬೆಳೆಯಲ್ಲಿ ಜಮೀಲಮ್ಮ ಮರೆತು ಬಾ ಅಕ್ಕ ಎಂದಾಗ ಅಜ್ಜಿ ಹಿತ್ತಲೆಲ್ಲ ಒಂದು ಮಾಡಿದ್ದಳು. ಅವಳು ಕೊನೆಯವರೆಗೂ ನಂಬಿದ್ದಳು. ನಂಬಿಕೊಂಡೇ ಅಂದು ಒಳಗೆ ಹೋಗಿ ಕೂತಿದ್ದಳು.

ಅದು ನನಗೆ ಅಂದೇ ತಿಳಿಯಬೇಕಿತ್ತು. ಯಾಕೆಂದರೆ ಅವಳು ಹೊರಗೆ ಬಂದು ಹೊಸ್ತಿಲ ಮೇಲೆ ಕೂತ ಕೂಡಲೇ ನನಗೆ ಒಂದಕ್ಕೆ ಅವಸರವಾಯಿತು, ಭಯಕ್ಕೋ ಏನೋ. ಬಾಯಿ ತಾನಾಗಿಯೇ ತೆರೆಯಿತು.

"ಅಜ್ಜಿ, ಲಾಡಿ ಬಿಚ್ಚು."

ಅಮ್ಮ ಚಂದ್ರಿಕೆ ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿ ನನ್ನನ್ನು ಹತ್ತಿರಕ್ಕೆಳೆದುಕೊಂಡು ಗಂಟಿಗೆ ಕೈ ಹಾಕಿದಳು. ಗಂಟು ಅಷ್ಟೇನೂ ಬಿಗಿಯಾಗಿರಲಿಲ್ಲ. ಆದರೆ ಅವಳ ಬೆರಳುಗಳು ಗಡಗಡ ನಡುಗುತ್ತಿದ್ದವು, ದಾರ ಹಿಡಿದರೆ ಜಾರುತ್ತಿತ್ತು, ಮತ್ತೆ ಹಿಡಿದರೆ ಮತ್ತೆ ಜಾರುತ್ತಿತ್ತು. ನಾನು ಬೇಗ ಬಿಚ್ಚು, ಬೇಗ ಬೇಗ ಎಂದು ಕುಣಿಯುತ್ತಿದ್ದೆ.

"ತಾಳು ಕಣೇ ಅಮಲ್ದಾರು," ಎಂದಳು, "ಬಿಚ್ತೀನಿ."